ವಿದ್ಯೆಯ ಆಯ್ಕೆಯೂ ಅನ್ನದ ಚಿಂತೆಯೂ

೧

ಕಳೆದ ಚೈತ್ರಮಾಸದಲ್ಲಿ ಒಂದು ಸಂಜೆ ನಮ್ಮ ಬೀದಿಯ ಗೃಹಿಣಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಪತಿ ತೀರಿಕೊಂಡ ಮೇಲೆ ಹೊಲಿಗೆಯ ಯಂತ್ರವೊಂದನ್ನೇ ನಂಬಿ ಮಾನವಾಗಿ ಸಂಸಾರವನ್ನು ನಡೆಯಿಸಿಕೊಂಡು ಬಂದಿರುವವರು ಅವರು. ಹುಡುಗನು ಪದವಿಪೂರ್ವ ತರಗತಿಯನ್ನು ವಾಣಿಜ್ಯ ವಿಭಾಗದಲ್ಲಿ ಮುಗಿಸಿದ್ದನು. ತಾಯಿಯು ಕುಳಿತುಕೊಳ್ಳುವುದಕ್ಕೆ ಮೊದಲೇ ಕೇಳಿದರು: “ಮೇಷ್ಟ್ರೇ, ಇವನು ಮುಂದೆ ಏನು ಓದಿದರೆ ಕೆಲಸ ಸಿಗುತ್ತದೆ? ಲೆಕ್ಕಶಾಸ್ತ್ರ ಅಂತ ಒಬ್ಬರು ಹೇಳುತ್ತಾರೆ, ಹಣಕಾಸು ಅಂತ ಇನ್ನೊಬ್ಬರು, ಆಡಳಿತ ಅಂತ ಮತ್ತೊಬ್ಬರು. ನೀವು ಯಾವುದು ಹೇಳಿದರೆ ಅದಕ್ಕೆ ಸೇರಿಸುತ್ತೇನೆ. ಬೆಂಗಳೂರಿಗೇ ಕಳಿಸಬೇಕು ಅಂದರೂ ಸರಿ. ಕೈಯಲ್ಲಿ ಇನ್ನೂ ಎರಡು ಬಳೆ ಇವೆ.”

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ವಾಣಿಜ್ಯವನ್ನು ಬೋಧಿಸಿದ ನನಗೆ ಇದು ಹೊಸ ಪ್ರಶ್ನೆಯಲ್ಲ. ಆದರೂ ಅಂದು ಉತ್ತರ ಹೇಳಲು ನಾಲಗೆ ತಡವರಿಸಿತು. ಅದಕ್ಕೆ ಕಾರಣವುಂಟು. ೧೯೯೨ನೆಯ ಇಸವಿಯಲ್ಲಿ, ನಾನಿನ್ನೂ ಹೊಸ ಉಪಾಧ್ಯಾಯನಾಗಿದ್ದಾಗ, ಶಿಷ್ಯನೊಬ್ಬನು ಇದೇ ಪ್ರಶ್ನೆಯನ್ನು ಕೇಳಿದ್ದನು. ಅವನಿಗೆ ಲೆಕ್ಕಪತ್ರಗಳಲ್ಲಿ ಸಹಜವಾದ ಪ್ರೀತಿ ಇದ್ದಿತು. ಲೆಕ್ಕಪರಿಶೋಧಕನಾಗಬೇಕೆಂಬುದು ಅವನ ಹಂಬಲ. ನಾನು ಹಿರಿಯನ ಗತ್ತಿನಿಂದ, “ಅದು ದೂರದ ದಾರಿ, ಬ್ಯಾಂಕಿನ ಕೆಲಸ ಎಂದಿಗೂ ತಪ್ಪದು, ಬ್ಯಾಂಕಿಂಗ್ ವಿಷಯವನ್ನೇ ತೆಗೆದುಕೊ” ಎಂದು ಹೇಳಿಬಿಟ್ಟೆನು. ಅವನು ಹಾಗೆಯೇ ಮಾಡಿದನು. ಪದವಿ ಬಂದಿತು, ನೇಮಕದ ಪ್ರಕಟನೆ ಬರಲಿಲ್ಲ. ಅದನ್ನು ಕಾಯುತ್ತ ಕಾಯುತ್ತ ಅವನ ವಯಸ್ಸು ಮೀರಿತು. ಈಗ ಅವನು ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಾನೆ. ಸಿಕ್ಕಾಗಲೆಲ್ಲ ಕೈಮುಗಿದು ಕ್ಷೇಮ ವಿಚಾರಿಸುವನೇ ಹೊರತು ಒಂದು ದಿನವೂ ನನ್ನನ್ನು ದೂರಿದವನಲ್ಲ. ಅವನು ದೂರಿದ್ದರೆ ನನ್ನ ಭಾರ ಎಷ್ಟೋ ಹಗುರವಾಗುತ್ತಿದ್ದಿತು.

ಒಂದಕ್ಕೊಂದು ಸೋದರಸಂಬಂಧವುಳ್ಳ ವಿದ್ಯೆಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ಮುಂದಣ ಉದ್ಯೋಗದ ಚಿಂತೆಗೆ ಎಷ್ಟು ಸ್ಥಾನವನ್ನು ಕೊಡತಕ್ಕದ್ದು? ಮೇಲ್ನೋಟಕ್ಕೆ ಇದು ಬರಿಯ ವ್ಯವಹಾರದ ಪ್ರಶ್ನೆಯಾಗಿ ತೋರಿದರೂ ಇದರ ಬುಡದಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿದೆ ಎಂಬುದು ನನ್ನ ನಂಬಿಕೆ. ಅದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

೨

ಮೊದಲು ಎರಡು ಪೂರ್ವಪಕ್ಷಗಳನ್ನು ಪರಿಶೀಲಿಸೋಣ.

ಕೆಲವರು ಹೇಳುವುದೇನೆಂದರೆ: ವಿದ್ಯೆಯನ್ನು ವಿದ್ಯೆಗಾಗಿಯೇ ಕಲಿಯಬೇಕು, ಸಂಬಳವನ್ನು ಎಣಿಸುತ್ತ ಕಲಿಯುವುದು ಸರಸ್ವತಿಯನ್ನು ಸಂತೆಗೆ ತಂದಂತೆ. ಈ ಮಾತು ಕಿವಿಗೆ ಇಂಪಾಗಿದೆ. ಆದರೆ ಇದನ್ನಾಡುವವರ ಮನೆಯ ಕಣಜದಲ್ಲಿ ಸಾಮಾನ್ಯವಾಗಿ ಭತ್ತವಿರುತ್ತದೆ. ತಾಯಿಯ ಬಳೆಯನ್ನು ಒತ್ತೆಯಿಟ್ಟು ಓದತಕ್ಕ ಹುಡುಗನಿಗೆ ಉದ್ಯೋಗದ ಚಿಂತೆಯು ಲೋಭವಲ್ಲ. ಅದು ಋಣದ ಅರಿವು. ತನಗಾಗಿ ಇತರರು ಮಾಡಿದ ತ್ಯಾಗವನ್ನು ಮರಳಿಸಬೇಕೆಂಬ ಎಚ್ಚರವನ್ನು ಹೀನವೆಂದು ಕರೆಯುವ ನೀತಿಯು ನೀತಿಯಾಗಲಾರದು. ಅಲ್ಲದೆ, ವಾಣಿಜ್ಯವಿದ್ಯೆಯು ಹುಟ್ಟಿದ್ದೇ ಲೋಕದ ಕೊಡುಕೊಳ್ಳುವಿಕೆಯಲ್ಲಿ. ಕಾಯಕಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಅರ್ಥವನ್ನು ತಂದುಕೊಟ್ಟ ಬಸವಣ್ಣನವರು ಬಿಜ್ಜಳನ ಆಶ್ರಯದಲ್ಲಿ ಕರಣಿಕರಾಗಿ ಕೆಲಸವನ್ನಾರಂಭಿಸಿ ಭಂಡಾರಿಗಳಾದರೆಂದು ಪರಂಪರೆಯು ಹೇಳುತ್ತದೆ. ಲೆಕ್ಕ ಬರೆದು ಅನ್ನ ಸಂಪಾದಿಸುವುದು ಆತ್ಮಕ್ಕೆ ಕುಂದು ತರುವ ಕೆಲಸವಾಗಿದ್ದರೆ ಆ ಪರಂಪರೆಯು ಅದನ್ನು ಇಷ್ಟು ಅಭಿಮಾನದಿಂದ ನೆನೆಯುತ್ತಿರಲಿಲ್ಲ.

ಎರಡನೆಯ ಪಕ್ಷವು ಇದಕ್ಕೆ ತೀರ ವಿರುದ್ಧವಾದುದು: ಇಂದು ಯಾವ ವಿದ್ಯೆಗೆ ಗಿರಾಕಿ ಹೆಚ್ಚೋ ಅದನ್ನೇ ಕಲಿಯತಕ್ಕದ್ದು, ಉಳಿದುದೆಲ್ಲ ಭ್ರಮೆ ಎಂಬುದು. ನಾನು ೧೯೯೨ರಲ್ಲಿ ಹಿಡಿದಿದ್ದ ಪಕ್ಷ ಇದೇ. ಇದರ ದೋಷವೇನೆಂದರೆ, ಕಲಿಯುವುದು ಇಂದು, ದುಡಿಯುವುದು ನಾಳೆ. ಇಂದಿನ ಗಿರಾಕಿಯು ನಾಳೆಯವರೆಗೆ ಕಾದು ನಿಂತಿರುವನೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಇದಕ್ಕೆ ನಮ್ಮ ನಾಡಿನ ಬ್ಯಾಂಕುಗಳ ಚರಿತ್ರೆಗಿಂತ ಹತ್ತಿರದ ನಿದರ್ಶನವಿಲ್ಲ. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಸ್ಥಾಪಿಸಿದರು. ೧೯೧೩ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಬ್ಯಾಂಕು ಹುಟ್ಟಿತು. ೧೯೨೫ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯೂ ೧೯೩೧ರಲ್ಲಿ ವಿಜಯಾ ಬ್ಯಾಂಕೂ ತಲೆಯೆತ್ತಿದವು. ೧೯೬೯ರ ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳೂ ೧೯೮೦ರ ಏಪ್ರಿಲಿನಲ್ಲಿ ಮತ್ತೆ ಆರು ಬ್ಯಾಂಕುಗಳೂ ರಾಷ್ಟ್ರೀಕೃತವಾದ ಮೇಲೆ ಹಳ್ಳಿಹಳ್ಳಿಗೂ ಶಾಖೆಗಳು ಬಂದವು. ಶಾಖೆಗಳೊಡನೆ ಗುಮಾಸ್ತರ ಕೆಲಸಗಳೂ ಬಂದವು. ಬ್ಯಾಂಕಿನ ವರನೆಂದರೆ ಕನ್ಯಾಪಿತೃಗಳು ಜಾತಕವನ್ನು ಎರಡನೆಯ ಸಲ ನೋಡುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡ ನಾನು ಅದು ಶಾಶ್ವತವೆಂದು ಎಣಿಸಿದುದು ಸಹಜವೇ. ಆದರೆ ಕಂಪ್ಯೂಟರು ಬಂದಿತು. ಹತ್ತು ಮಂದಿ ಸಂಜೆಯವರೆಗೆ ಕುಳಿತು ತಾಳೆ ನೋಡುತ್ತಿದ್ದ ಖಾತೆಗಳನ್ನು ಯಂತ್ರವು ಕ್ಷಣದಲ್ಲಿ ತಾಳೆ ನೋಡಿತು. ೨೦೦೦-೨೦೦೧ರಲ್ಲಿ ಸರ್ಕಾರಿ ಬ್ಯಾಂಕುಗಳ ಸುಮಾರು ಒಂದು ಲಕ್ಷ ಮಂದಿ ನೌಕರರು ಸ್ವಯಂನಿವೃತ್ತಿಯ ಯೋಜನೆಯಲ್ಲಿ ಹೊರಬಂದರು. ೨೦೧೭ರಲ್ಲಿ ಮೈಸೂರು ಬ್ಯಾಂಕೂ, ೨೦೧೯ರಲ್ಲಿ ವಿಜಯಾ ಬ್ಯಾಂಕೂ, ೨೦೨೦ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳೂ ಬೇರೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ನಾನು ಹೆಸರಿಸಿದ ಐದರಲ್ಲಿ ಇಂದು ತನ್ನ ಹೆಸರಿನಿಂದ ಉಳಿದಿರುವುದು ಕೆನರಾ ಒಂದೇ.

ವಿಧಿಯ ಆಟವು ಒಂದೇ ಕಡೆಗೆ ಸಾಗಿತೆಂದು ಹೇಳಲಾಗದು. ಲೆಕ್ಕ ಬರೆಯುವವರಿಗೆ ಇನ್ನು ಕೆಲಸವಿಲ್ಲವೆಂದು ಜನರು ಕೈಚೆಲ್ಲಿದ್ದ ಕಾಲದಲ್ಲಿಯೇ, ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದು, ಸಣ್ಣ ವರ್ತಕನೂ ನಿಯತಕಾಲಕ್ಕೆ ಲೆಕ್ಕ ಒಪ್ಪಿಸಬೇಕಾಗಿ, ಊರೂರಿನ ಲೆಕ್ಕಿಗರಿಗೆ ಬಿಡುವಿಲ್ಲದಷ್ಟು ಕೆಲಸ ಸಿಕ್ಕಿತು. ಈಗ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಅವು ಯಾವ ಬಾಗಿಲನ್ನು ಮುಚ್ಚಿ ಯಾವುದನ್ನು ತೆರೆಯುವುವೆಂಬುದನ್ನು ಖಚಿತವಾಗಿ ಹೇಳುವವನನ್ನು ಕಂಡರೆ ನನಗೆ ೧೯೯೨ರ ನನ್ನ ನೆನಪಾಗುತ್ತದೆ.

ಹಾಗಾದರೆ ಉದ್ಯೋಗದ ಚಿಂತೆಯನ್ನು ಬಿಡುವುದು ಅಧರ್ಮ. ಅದನ್ನೇ ನಂಬುವುದು ಅವಿವೇಕ. ಈ ಎರಡರ ನಡುವೆ ದಾರಿ ಎಲ್ಲಿದೆ?

೩

ದಾರಿಯನ್ನು ಹುಡುಕುವುದಕ್ಕೆ ಮೊದಲು ಈ ವಿದ್ಯೆಗಳ ಸಂಬಂಧವನ್ನು ತಿಳಿಯಬೇಕು. ಹೆಸರುಗಳು ಬೇರೆಯಾದ ಮಾತ್ರಕ್ಕೆ ಮನೆಗಳು ಬೇರೆ ಎಂದು ತಿಳಿಯಬಾರದು. ಜಮೆ-ಖರ್ಚುಗಳೆರಡನ್ನೂ ಜೋಡಿಯಾಗಿ ಬರೆಯುವ ಕ್ರಮವನ್ನು ಲೂಕಾ ಪಾಚೋಲಿ ಎಂಬ ಇಟಲಿಯ ಸಂನ್ಯಾಸಿಯು ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ವಿವರಿಸಿದ್ದು ೧೪೯೪ರಲ್ಲಿ. ಕಾರ್ಖಾನೆಯ ಆಡಳಿತವನ್ನು ಶಾಸ್ತ್ರವೆಂದು ಕರೆದು ಅಮೆರಿಕದ ಟೇಲರನು ಗ್ರಂಥವನ್ನು ಬರೆದದ್ದು ೧೯೧೧ರಲ್ಲಿ. ಬಂಡವಾಳವನ್ನು ಹೇಗೆ ಹಂಚಿ ತೊಡಗಿಸಿದರೆ ಅಪಾಯವು ಕಡಿಮೆಯಾದೀತೆಂಬುದನ್ನು ಮಾರ್ಕೊವಿಟ್ಜ್ ಎಂಬ ವಿದ್ವಾಂಸನು ಗಣಿತದಿಂದ ತೋರಿಸಿದ್ದು ೧೯೫೨ರಲ್ಲಿ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಬೆಳೆದಂತೆ ಈ ಶಾಖೆಗಳು ಒಂದರ ಬಳಿಕ ಒಂದು ಬೆಳೆದುವು. ನಡುವಣ ಗೋಡೆಗಳು ಇತ್ತೀಚಿನವು, ಅವುಗಳಲ್ಲಿ ಬಾಗಿಲುಗಳೂ ಬಹಳ. ಇಂದಿಗೂ ನಮ್ಮ ಕಾಲೇಜುಗಳಲ್ಲಿ ವಾಣಿಜ್ಯದ ಪದವಿಗೂ ವ್ಯವಹಾರಾಡಳಿತದ ಪದವಿಗೂ ಮೊದಲ ವರ್ಷಗಳ ಪಾಠಗಳು ಬಹುಮಟ್ಟಿಗೆ ಒಂದೇ: ಲೆಕ್ಕ, ವ್ಯವಹಾರದ ಕಾನೂನು, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ.

ಮುಂದಣ ದಾರಿಗಳೂ ಹೀಗೆಯೇ ಒಂದರೊಳಗೊಂದು ಹೆಣೆದುಕೊಂಡಿವೆ. ಬ್ಯಾಂಕಿನ ಸಾಮಾನ್ಯ ನೇಮಕದ ಪರೀಕ್ಷೆಗೆ ಯಾವ ಪದವಿಯವನಾದರೂ ಕುಳಿತುಕೊಳ್ಳಬಹುದು. ೧೯೭೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಡಳಿತ ವಿದ್ಯಾಸಂಸ್ಥೆಯ ಪ್ರವೇಶ ಪರೀಕ್ಷೆಯೂ ಹಾಗೆಯೇ. ಸನ್ನದು ಪಡೆದ ಲೆಕ್ಕಪರಿಶೋಧಕನಾಗಲು ಪದವಿಪೂರ್ವ ತರಗತಿಯ ಬಳಿಕ ಪ್ರವೇಶವುಂಟು. ಪದವಿಯ ಬಳಿಕ ಬರುವುದಾದರೆ ವಾಣಿಜ್ಯದವನಿಗೆ ನೂರಕ್ಕೆ ೫೫, ಇತರರಿಗೆ ನೂರಕ್ಕೆ ೬೦ ಅಂಕಗಳಿದ್ದರೆ ಸಾಕು. ಹದಿನೆಂಟನೆಯ ವಯಸ್ಸಿನಲ್ಲಿ ಅರ್ಜಿಯ ಮೇಲೆ ಬರೆದ ಶಾಖೆಯ ಹೆಸರು ಹಣೆಯ ಬರಹವಾಗುವುದಿಲ್ಲ.

ವ್ಯತ್ಯಾಸವೇ ಇಲ್ಲವೆಂದು ನನ್ನ ವಾದವಲ್ಲ. ಲೆಕ್ಕದ ವಿದ್ಯೆಗೆ ಕಾನೂನಿನ ಕಾವಲುಳ್ಳ ಒಂದು ಬಾಗಿಲಿದೆ. ೧೯೪೯ರ ಶಾಸನದಿಂದ ಏರ್ಪಟ್ಟ ಸಂಸ್ಥೆಯ ಸದಸ್ಯನಲ್ಲದವನು ಕಂಪೆನಿಯ ಲೆಕ್ಕಪರಿಶೋಧಕನಾಗಿ ಸಹಿ ಹಾಕುವಂತಿಲ್ಲ. ಆ ಬಾಗಿಲು ಕಿರಿದು, ಪರೀಕ್ಷೆ ಕಠಿನ, ಅನೇಕರು ಹೊರಗೇ ಉಳಿಯುತ್ತಾರೆ. ಆದರೆ ಒಳಹೊಕ್ಕವನು ಯಾವ ಕಾಲೇಜಿನಿಂದ ಬಂದನೆಂದು ಯಾರೂ ಕೇಳುವುದಿಲ್ಲ. ಆಡಳಿತ ವಿದ್ಯೆಗೆ ಇಂಥ ಕಾವಲಿಲ್ಲ. ಆದ್ದರಿಂದ ಅಲ್ಲಿ ವಿದ್ಯಾಸಂಸ್ಥೆಯ ಹೆಸರೂ ಮನುಷ್ಯನ ಸ್ವಂತ ಚಾತುರ್ಯವೂ ಮುಂದೆ ಬರುತ್ತವೆ. ಹೆಸರಿಲ್ಲದ ಸಂಸ್ಥೆಗೆ ದೊಡ್ಡ ಶುಲ್ಕವನ್ನು ತೆತ್ತು ಆಡಳಿತ ಕಲಿಯುವುದು ಬಡವನಿಗೆ ನಷ್ಟದ ವ್ಯಾಪಾರ. ಹಣಕಾಸಿನ ವಿದ್ಯೆಯು ಈ ಎರಡರ ನಡುವೆ ಇರುವುದು. ಇಷ್ಟನ್ನು ತಿಳಿದುಕೊಳ್ಳುವುದು ಉದ್ಯೋಗಚಿಂತೆಯ ನ್ಯಾಯವಾದ ಕೆಲಸ. ಎಷ್ಟು ಸಾಲ ಮಾಡಬಹುದು, ಯಾವ ಊರಿಗೆ ಹೋಗಬೇಕು, ದಾರಿ ತಪ್ಪಿದರೆ ಮರಳಲು ಅವಕಾಶವುಂಟೆ, ಇವುಗಳನ್ನು ಅದು ನಿರ್ಣಯಿಸಲಿ. ಆದರೆ ಸೋದರವಿದ್ಯೆಗಳಲ್ಲಿ ಇದೋ ಅದೋ ಎಂಬುದನ್ನು ನಿರ್ಣಯಿಸುವ ಶಕ್ತಿ ಅದಕ್ಕಿಲ್ಲ. ಏಕೆಂದರೆ ಅಲ್ಲಿ ಅದಕ್ಕೆ ಆಧಾರವಾಗತಕ್ಕ ಭವಿಷ್ಯವು ಯಾರ ಕೈಯಲ್ಲಿಯೂ ಇಲ್ಲ.

ಅಲ್ಲಿ ನಿರ್ಣಯಿಸತಕ್ಕದ್ದು ಯಾವುದು? ಈ ವಿದ್ಯೆಗಳು ಒಂದೇ ರೂಪಾಯಿಯನ್ನು ಮುಂದಿಟ್ಟುಕೊಂಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತವೆ. ‘ಈ ರೂಪಾಯಿ ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು?’ ಎಂದು ಲೆಕ್ಕಶಾಸ್ತ್ರವು ಕೇಳುತ್ತದೆ. ಅದರ ದೃಷ್ಟಿ ನಡೆದುಹೋದುದರ ಮೇಲೆ, ಅದರ ವ್ರತ ಸತ್ಯ. ‘ಈ ರೂಪಾಯಿ ನಾಳೆ ಎಷ್ಟಾದೀತು, ಆಗದಿದ್ದರೆ ನಷ್ಟ ಯಾರದು?’ ಎಂದು ಹಣಕಾಸಿನ ಶಾಸ್ತ್ರವು ಕೇಳುತ್ತದೆ. ಅದರ ದೃಷ್ಟಿ ಮುಂಬರುವುದರ ಮೇಲೆ, ಅದರ ವ್ರತ ವಿವೇಕ. ‘ಈ ರೂಪಾಯಿಯ ಕೆಲಸವನ್ನು ಯಾರ ಕೈಯಿಂದ, ಹೇಗೆ ಮಾಡಿಸಬೇಕು?’ ಎಂದು ಆಡಳಿತಶಾಸ್ತ್ರವು ಕೇಳುತ್ತದೆ. ಅದರ ದೃಷ್ಟಿ ಜೊತೆಯ ಮನುಷ್ಯರ ಮೇಲೆ, ಅದರ ವ್ರತ ನ್ಯಾಯ.

ಎಲ್ಲಿ ವ್ರತವಿದೆಯೋ ಅಲ್ಲಿ ವ್ರತಭಂಗದ ಆಸೆಯೂ ಇದೆ. ರಾಜಧನವನ್ನು ಅಪಹರಿಸಲು ನಲವತ್ತು ಬಗೆಗಳುಂಟೆಂದು ಕೌಟಿಲ್ಯನ ಅರ್ಥಶಾಸ್ತ್ರವು ಎಣಿಸಿ ಹೇಳಿದೆ. ಲೆಕ್ಕ ಎಷ್ಟು ಹಳೆಯದೋ ಕಳ್ಳಲೆಕ್ಕವೂ ಅಷ್ಟೇ ಹಳೆಯದು. ೨೦೦೯ರ ಜನವರಿ ೭ರಂದು, ಹೆಸರಿನಲ್ಲಿಯೇ ಸತ್ಯವನ್ನು ಹೊತ್ತಿದ್ದ ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರು, ತಮ್ಮ ಅಡಾವೆ ಪತ್ರಿಕೆಯಲ್ಲಿ ತೋರಿಸಿದ್ದ ಹಣದಲ್ಲಿ ೫,೦೪೦ ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ಇಲ್ಲದ ಹಣವನ್ನು ಉಂಟೆಂದು ಬರೆದ ಕೈಗಳೂ ಅದರ ಮೇಲೆ ಸಹಿ ಹಾಕಿದ ಕೈಗಳೂ ವಿದ್ಯಾವಂತರ ಕೈಗಳೇ. ಹಣಕಾಸಿನವನ ಆಸೆ ಬೇರೆ: ಲಾಭವು ತನಗೆ, ಅಪಾಯವು ಕಾಣದ ಪರರಿಗೆ ಎಂಬುದು. ಮರಳಿಬಾರದ ಮನೆಸಾಲಗಳನ್ನು ಕಟ್ಟುಕಟ್ಟಾಗಿ ಮಾರಿ ಕೈತೊಳೆದುಕೊಂಡವರಿಂದ ಬೆಳೆದ ವಿಪತ್ತಿನಲ್ಲಿ ೨೦೦೮ರ ಸೆಪ್ಟೆಂಬರ್ ೧೫ರಂದು ಅಮೆರಿಕದ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿ ಸಾರಿತು; ಆ ಸಾಲಗಳ ಹೆಸರನ್ನೇ ಕೇಳದ ದೇಶಗಳ ಜನರೂ ಕೆಲಸ ಕಳೆದುಕೊಂಡರು. ಆಡಳಿತಗಾರನ ಆಸೆಯೋ, ಮನುಷ್ಯರನ್ನು ಉಪಕರಣಗಳಂತೆ ಎಣಿಸುವುದು. ಅದು ಪತ್ರಿಕೆಗಳಿಗೆ ಸುದ್ದಿಯಾಗುವುದಿಲ್ಲ. ಆದರೆ ಅದರ ಗಾಯವನ್ನು ಪ್ರತಿ ಕಚೇರಿಯಲ್ಲಿಯೂ ಯಾರಾದರೊಬ್ಬರು ಹೊತ್ತುಕೊಂಡು ತಿರುಗುತ್ತಿರುತ್ತಾರೆ.

ಆದ್ದರಿಂದ ಯುವಕನು ತನ್ನನ್ನು ಕೇಳಿಕೊಳ್ಳಬೇಕಾದುದು ಇದು: ಈ ಪ್ರಶ್ನೆಗಳಲ್ಲಿ ಯಾವುದನ್ನು ನಾನು ಮೂವತ್ತು ವರ್ಷಗಳ ಕಾಲ ಪ್ರತಿದಿನವೂ ಬೇಸರವಿಲ್ಲದೆ ಕೇಳಬಲ್ಲೆನು? ಯಾವ ವ್ರತವನ್ನು, ನೋಡುವವರಿಲ್ಲದಾಗಲೂ, ಮೇಲಿನವನು ಬೇಡವೆಂದು ಕಣ್ಣು ಕೆಂಪಾಗಿಸಿದಾಗಲೂ ನಾನು ಪಾಲಿಸಬಲ್ಲೆನು? ಇದಕ್ಕೆ ಸಿಗುವ ಉತ್ತರವು ಉದ್ಯೋಗದ ದೃಷ್ಟಿಯಿಂದಲೂ ವ್ಯರ್ಥವಲ್ಲ. ಗಿರಾಕಿ ಬದಲಾದಾಗ ಹೊಸದನ್ನು ಕಲಿಯುವವನು, ತಾನು ಮಾಡುವ ಕೆಲಸದ ಪ್ರಶ್ನೆಯನ್ನು ಪ್ರೀತಿಸಿದವನೇ. ಪ್ರೀತಿಯಿಲ್ಲದೆ ಗಿರಾಕಿಗಾಗಿ ಮಾತ್ರ ಕಲಿತವನು ಗಿರಾಕಿ ಹೋದ ದಿನವೇ ಬರಿಗೈಯಾಗುತ್ತಾನೆ. ನನ್ನ ಹಳೆಯ ಶಿಷ್ಯನಿಗೆ ನಾನು ಮಾಡಿದ ಅಪರಾಧವು ಇದೇ. ಭವಿಷ್ಯವನ್ನು ತಪ್ಪಾಗಿ ಹೇಳಿದುದಲ್ಲ, ಅದು ಎಲ್ಲರಿಗೂ ತಪ್ಪುತ್ತದೆ. ಅವನು ತನ್ನಲ್ಲಿ ಹೊತ್ತು ತಂದಿದ್ದ ಉತ್ತರವನ್ನು ನಾನು ಕೇಳಿಯೂ ಕೇಳದಂತೆ ಮಾಡಿದುದು.

ಹೀಗೆನ್ನುವಾಗ ಒಂದು ಆಕ್ಷೇಪ ಬರಬಹುದು: ಹದಿನೆಂಟರ ಹುಡುಗನಿಗೆ ತನ್ನ ಒಲವು ಹೇಗೆ ತಿಳಿಯಬೇಕು? ಆಕ್ಷೇಪವು ಸರಿಯಾದುದೇ. ಒಲವೆಂಬುದು ಕುಳಿತು ಧ್ಯಾನಿಸಿದರೆ ತಿಳಿಯುವ ವಸ್ತುವಲ್ಲ. ಈಜು ಬಲ್ಲೆನೋ ಇಲ್ಲವೋ ಎಂಬುದು ನೀರಿಗಿಳಿದಾಗಲೇ ತಿಳಿಯುವುದು. ಆದುದರಿಂದ ಆಯ್ಕೆಗೆ ಮೊದಲು ಕೆಲಸದ ಸೋಂಕು ಬೇಕು.

೪

ಆ ಸಂಜೆ ನಾನು ತಾಯಿಗೆ ಶಾಖೆಯ ಹೆಸರನ್ನು ಹೇಳಲಿಲ್ಲ. “ಬಳೆ ಕೈಯಲ್ಲೇ ಇರಲಿ ತಾಯಿ. ರಜೆ ಮುಗಿಯುವವರೆಗೆ ಇವನನ್ನು ನಮ್ಮ ಪರಿಚಯದ ಅಡಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಬಿಡಿ. ಆಮೇಲೆ ನೋಡೋಣ” ಎಂದೆನು. ಅವರ ಮುಖ ಸ್ವಲ್ಪ ಕಂದಿತು. ಉತ್ತರವನ್ನು ಕೇಳಲು ಬಂದವರಿಗೆ ಕೂಲಿಯ ಕೆಲಸವನ್ನು ಕೊಟ್ಟು ಕಳುಹಿಸಿದಂತಾಯಿತೇನೋ.

ಹುಡುಗನು ಆರು ವಾರ ಮಂಡಿಯಲ್ಲಿ ಕುಳಿತನು. ರಾಶಿ, ಬೆಟ್ಟೆ, ಸರಕು ಎಂದು ಮೂಟೆಗಳನ್ನು ಬೇರ್ಪಡಿಸಿ ಬರೆದನು. ತೂಕ, ದಲ್ಲಾಳಿ, ಹಮಾಲಿ, ಮುಂಗಡ, ಬಡ್ಡಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದನು. ಒಂದು ದಿನ ಹನ್ನೊಂದು ರೂಪಾಯಿ ತಾಳೆಯಾಗಲಿಲ್ಲವಂತೆ. ಮಂಡಿಯ ಹಿರಿಯ ಗುಮಾಸ್ತರು ರಾತ್ರಿ ಎಂಟು ಗಂಟೆಯವರೆಗೆ ಅದನ್ನು ಹುಡುಕಿ, ಸಿಕ್ಕಿದಾಗ ಮದುವೆಯ ಮನೆಯವರಂತೆ ಸಂತೋಷಪಟ್ಟರಂತೆ. ಆಷಾಢದಲ್ಲಿ ಹುಡುಗನು ಮತ್ತೆ ಬಂದು ಇದನ್ನು ಹೇಳಿ, ಸ್ವಲ್ಪ ನಾಚಿಕೆಯಿಂದ, “ನನಗೆ ಆ ಹನ್ನೊಂದು ರೂಪಾಯಿ ಸಿಕ್ಕಿದ್ದರಲ್ಲಿ ಅಷ್ಟು ಸಂತೋಷ ಆಗಲಿಲ್ಲ ಸಾರ್. ಆದರೆ ರೈತರು ಬಂದು, ಈಗಲೇ ಮಾರೋಣವೋ, ಮುಂಗಡ ತೆಗೆದುಕೊಂಡು ದರ ಏರುವವರೆಗೆ ಕಾಯೋಣವೋ ಎಂದು ಮಾತಾಡುತ್ತಿದ್ದರಲ್ಲ, ಅದನ್ನು ಕೇಳುತ್ತ ಕುಳಿತರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುತ್ತಿರಲಿಲ್ಲ. ಒಬ್ಬರಿಗೆ ಬಡ್ಡಿ ಲೆಕ್ಕ ಹಾಕಿ, ಕಾದರೆ ನಿಮಗೇ ನಷ್ಟ ಎಂದು ತೋರಿಸಿದೆ. ಸಾಹುಕಾರರು ಸ್ವಲ್ಪ ಸಿಟ್ಟಾದರು” ಎಂದನು.

ಸಾಹುಕಾರರು ಸಿಟ್ಟಾದುದನ್ನು ಕೇಳಿ ನನಗೆ ಸಮಾಧಾನವಾಯಿತು. ಮುಂಗಡದ ಮೇಲೆ ಬರುವ ಬಡ್ಡಿಯು ಮಂಡಿಯ ಲಾಭ. ಹಣಕಾಸಿನ ವಿದ್ಯೆಯ ಪ್ರಶ್ನೆಯನ್ನು ಈ ಹುಡುಗನು ಪ್ರೀತಿಸಿದುದಷ್ಟೇ ಅಲ್ಲದೆ, ನಷ್ಟ ಯಾರದೆಂಬ ಅದರ ಎರಡನೆಯ ಭಾಗವನ್ನೂ ಯಾರೂ ಹೇಳಿಕೊಡದೆ ಕೇಳಿದ್ದನು.

ಊರಿನ ಸರ್ಕಾರಿ ಕಾಲೇಜಿನಲ್ಲಿ ವಾಣಿಜ್ಯದ ಪದವಿಗೆ ಅವನನ್ನು ಸೇರಿಸಿದ್ದಾಯಿತು. ಶಾಖೆಯನ್ನು ಆರಿಸುವ ಸಮಯವು ಕೊನೆಯ ವರ್ಷಕ್ಕೆ ಬರುತ್ತದೆ. ಅಷ್ಟರಲ್ಲಿ ಅವನ ಮನಸ್ಸು ಬದಲಾದರೂ ಹಾನಿಯಿಲ್ಲ. ಬೆಂಗಳೂರಿನ ಶುಲ್ಕ ಉಳಿಯಿತು. ಬಳೆಗಳು ತಾಯಿಯ ಕೈಯಲ್ಲಿವೆ. ಇಷ್ಟರಿಂದ ಅವನಿಗೆ ಒಳ್ಳೆಯ ಉದ್ಯೋಗ ದೊರೆಯುವುದೆಂದು ನಾನು ಭರವಸೆ ಕೊಡಲಾರೆ, ಕೊಡಲೂ ಇಲ್ಲ. ತಾಯಿಯು ಹೊರಡುವಾಗ ಮತ್ತೊಮ್ಮೆ, “ಕೆಲಸ ಸಿಗುತ್ತದೆ ಅಲ್ಲವೇ ಮೇಷ್ಟ್ರೇ?” ಎಂದು ಕೇಳಿದಾಗ, “ಅದು ನನಗೆ ತಿಳಿಯದು ತಾಯಿ, ಸಿಕ್ಕಿದ ಕೆಲಸವನ್ನು ಇವನು ಕೆಡಿಸಲಾರನೆಂಬುದು ಮಾತ್ರ ತಿಳಿಯಿತು” ಎಂದೆನು. ಈ ಸಲ ಅವರ ಮುಖ ಕಂದಲಿಲ್ಲ.

ಸಲಹೆ ಕೊಡುವವರಾದ ನಮಗೂ ಇಲ್ಲಿ ಒಂದು ನೀತಿಯುಂಟು. ಬಡವರ ಮಕ್ಕಳು ನಮ್ಮ ಮಾತನ್ನು ನಂಬಿ ವರ್ಷಗಳನ್ನು ತೊಡಗಿಸುತ್ತಾರೆ; ಆ ವರ್ಷಗಳು ಮರಳಿ ಬರುವುವಲ್ಲ. ತಿಳಿದುದನ್ನು ತಿಳಿದಷ್ಟೇ ಹೇಳಿ, ತಿಳಿಯದುದನ್ನು ತಿಳಿಯದೆಂದು ಹೇಳುವುದೇ ನಾವು ಬೋಧಿಸುವ ಲೆಕ್ಕಶಾಸ್ತ್ರದ ಮೊದಲನೆಯ ಪಾಠ. ಅದನ್ನು ನಾನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದೆನು, ಕಲಿತದ್ದು ಈಚೆಗೆ. ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿರುವ ನನ್ನ ಶಿಷ್ಯನ ಲೆಕ್ಕದಲ್ಲಿ ನನ್ನ ಹೆಸರಿನ ಬಾಕಿ ಹಾಗೆಯೇ ಇದೆ. ಅದು ತೀರುವ ಬಾಕಿಯಲ್ಲ; ಆದರೆ ಮತ್ತೊಬ್ಬರ ಖಾತೆಯಲ್ಲಿ ಅದೇ ತಪ್ಪನ್ನು ಬರೆಯದಿರುವುದು ನನ್ನ ಕೈಯಲ್ಲಿದೆ.